ಮುಂಡಿಗೆಯಿಂದ ಪದಬಂಧದವರೆಗೆ

‘ಉಡುಪಿಯಲ್ಲಿ ಕೃಷ್ಣ ತಿರುಗಿದ, ಈ ಭಕ್ತ ತಿರುಗಿದರೂ ಅವನೇ (3).’ ಉತ್ತರ ಮೂರು ಚೌಕಗಳ ಕನಕ. ಹಿಂದಿನಿಂದ ಓದಿದರೂ ಕನಕ. ಭಕ್ತನಿಗಾಗಿ ಕೃಷ್ಣ ತಿರುಗಿ ನಿಂತನೆಂಬ ಕನಕನ ಕಿಂಡಿಯ ಕಥೆ ಬಲ್ಲವರು ಅರ್ಥದ ಕಡೆಯಿಂದ ಬರುತ್ತಾರೆ, ಪದಬಂಧದ ಚಟವಿರುವವರು ಅಕ್ಷರದ ಕಡೆಯಿಂದ. ಎರಡೂ ದಾರಿ ಒಂದೇ ಪದದಲ್ಲಿ ಕೂಡಬೇಕು. ಗೂಢ ಸುಳಿವಿನ ಮುಖ್ಯ ಕಟ್ಟಳೆಯೇ ಇದು.

ಈ ವಿದ್ಯೆ ಇಂಗ್ಲಿಷಿನವರದ್ದು, ಕನ್ನಡಕ್ಕೆ ಒಗ್ಗುವುದಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೇಲಿನ ಸುಳಿವಿನ ನಾಯಕ ಕನಕದಾಸರೇ ಮುಂಡಿಗೆಗಳನ್ನು, ಅಂದರೆ ಒಗಟಿನಂಥ ಹಾಡುಗಳನ್ನು, ಕಟ್ಟಿದವರು. ಅವರಿಗೂ ಹಿಂದೆ, 12ನೇ ಶತಮಾನದಲ್ಲಿ, ಅಲ್ಲಮನ, ಒಳಅರ್ಥ ಅಡಗಿಸಿದ ಬೆಡಗಿನ ವಚನಗಳಿವೆ. ಇನ್ನೂ ಹಿಂದಕ್ಕೆ ಹೋದರೆ ಸಂಸ್ಕೃತದ ದಂಡಿ ತನ್ನ ಕಾವ್ಯಾದರ್ಶದಲ್ಲಿ 16 ಬಗೆಯ ಪ್ರಹೇಳಿಕೆಗಳನ್ನು (ಒಗಟುಗಳನ್ನು) ವಿಂಗಡಿಸಿದ್ದಾನೆ. ಉಡುಪಿ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ‘ಯಮಕ ಭಾರತ’ದಲ್ಲಿ ಅದೇ ಅಕ್ಷರಗಳ ಸಾಲು ಮತ್ತೆ ಮತ್ತೆ ಬರುತ್ತದೆ, ಪದ ಬಿಡಿಸುವ ಜಾಗ ಬದಲಾದಂತೆ ಅರ್ಥವೂ ಬದಲಾಗುತ್ತದೆ. ಇಂದಿನ ಸುಳಿವುಗಾರ ಮಾಡುವುದೂ ಇದನ್ನೇ. ಕಾರ್ಕಳ ತಾಲ್ಲೂಕಿನ ನಂದಳಿಕೆಯ ಲಕ್ಷ್ಮೀನಾರಣಪ್ಪ (1870–1901) ‘ಮುದ್ದಣ’ ಎಂಬ ಹೆಸರಿನ ಹಿಂದೆ ಅಡಗಿ, ತನ್ನ ಕೃತಿಯನ್ನೇ ಹಳಗಾಲದ ಕಾವ್ಯವೆಂಬಂತೆ ಅಚ್ಚಿಗೆ ಕಳಿಸಿ ಓದುಗರೊಡನೆ ಆಡಿದ ಮರೆಯಾಟವನ್ನೂ ಇಲ್ಲಿ ನೆನೆಯಬೇಕು. ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಂತೂ ಎದುರಾಳಿಯ ಮಾತನ್ನು ಒಡೆದು ಬೇರೆ ಅರ್ಥ ತೆಗೆದು ಅವನಿಗೇ ತಿರುಗಿಸುವುದು ಇಂದಿಗೂ ನಡೆದಿದೆ. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆಯ ಸಾಮಗ ಸೋದರರು ಇದರಲ್ಲಿ ಎತ್ತಿದ ಕೈಯಾಗಿದ್ದರು. ತುಳು ಮನೆಗಳ ಎದುರುಕತೆಗಳು, ಅಂದರೆ ಒಗಟುಗಳು, ಬೇರೆ.

ಪದಬಂಧದ ಚೌಕಗಳು ಬಂದದ್ದು ಹೊರಗಿನಿಂದ, ನಿಜ. ಆರ್ಥರ್ ವಿನ್ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ನಲ್ಲಿ ಮೊದಲ ಪದಬಂಧ ಪ್ರಕಟಿಸಿದ. ಗೂಢ ಸುಳಿವು ಬೆಳೆದದ್ದು ಇಂಗ್ಲೆಂಡಿನಲ್ಲಿ: 1926ರಿಂದ ‘ಅಬ್ಸರ್ವರ್’ನಲ್ಲಿ ಟಾರ್ಕ್ವಮಾಡ ಎಂಬ ಗುಪ್ತನಾಮದವನು, ಅವನ ನಂತರ ಕ್ಸಿಮೆನಿಸ್. ಓದುಗನ ದಾರಿ ತಪ್ಪಿಸಬಹುದು, ಅವನಿಗೆ ಮೋಸ ಮಾಡಬಾರದು ಎಂಬ ಧರ್ಮ ಅಲ್ಲಿ ಗಟ್ಟಿಯಾಯಿತು. ‘ದಿ ಹಿಂದೂ’ 1971ರಲ್ಲಿ ಪದಬಂಧ ಆರಂಭಿಸಿ ದಕ್ಷಿಣ ಭಾರತದಲ್ಲಿ ದೊಡ್ಡ ಬಳಗವನ್ನೇ ಬೆಳೆಸಿತು.

ಕನ್ನಡದಲ್ಲಿ ಪದಬಂಧಕ್ಕೆ ಪತ್ರಿಕೆಗಳೇ ಆಸರೆ. ಕೋಲಾರ ಕಡೆಯ ಅ.ನಾ. ಪ್ರಹ್ಲಾದರಾವ್ 1980ರ ದಶಕದಿಂದ ಸಾವಿರ ಸಾವಿರ ಪದಬಂಧಗಳನ್ನು ರಚಿಸಿದ್ದಾರೆ. ಆದರೆ ನಮ್ಮ ಸುಳಿವುಗಳಲ್ಲಿ ಹೆಚ್ಚಿನವು ಅರ್ಥ ಕೇಳುವಂಥವು; ಪದವನ್ನು ಒಡೆದು ಕಟ್ಟುವಂಥವು ಕಡಿಮೆ. ಇದಕ್ಕೆ ಲಿಪಿಯೂ ಒಂದು ಕಾರಣ, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ. ಕನ್ನಡದ ಒಂದು ಚೌಕದಲ್ಲಿ ಕೂರುವುದು ಇಡೀ ಅಕ್ಷರ, ಗುಣಿತ ಒತ್ತುಗಳ ಸಮೇತ. ‘ದಿನ’ ತಿರುಗಿಸಿದರೆ ‘ನದಿ’, ಅದು ಸಲೀಸು. ‘ಉಡುಪಿ’ಯನ್ನು ತಿರುಗಿಸಲು ಹೋದರೆ ‘ಉ’ ಕೊನೆಯಲ್ಲಿ ಅನಾಥವಾಗಿ ನಿಲ್ಲುತ್ತದೆ. ‘ಉಡುಪಿ’ಯನ್ನು ಬೇರೊಂದು ಪದದ ಹೊಟ್ಟೆಯಲ್ಲಿ ಬಚ್ಚಿಡುವುದೂ ಕಷ್ಟ, ಪದದ ನಡುವೆ ಸ್ವರ ಬಿಡಿಯಾಗಿ ನಿಲ್ಲುವುದು ಅಪರೂಪ. ‘ಕಾರ್ಕಳ’ ಇನ್ನೂ ಸೊಗಸು. ‘ಮಳೆಗಾಲದ ಬೆನ್ನಿಗೆ ಒಕ್ಕುವ ಜಾಗ, ಅದೇ ಗೊಮ್ಮಟನ ಊರು (3).’ ಕಾರ್ ಎಂದರೆ ಮಳೆಗಾಲ, ಕಳ ಎಂದರೆ ಕಣ. ಆದರೆ ಎರಡೂ ಬೆಸೆಯುವುದು ‘ರ್ಕ’ ಎಂಬ ಒಂದೇ ಚೌಕದ ಒಳಗೆ! ಇಂಗ್ಲಿಷಿನಲ್ಲಿ ಬೆಸುಗೆ ಬೀಳುವುದು ಯಾವಾಗಲೂ ಎರಡು ಚೌಕಗಳ ನಡುವೆ. ಇದನ್ನು ಕೊರತೆ ಎನ್ನುವ ಬದಲು ಇಂಗ್ಲಿಷಿಗೆ ಸಿಗದ ಒಂದು ಮರೆ ಎಂದು ಬಳಸಿಕೊಳ್ಳಬೇಕು. ಎರಡರ್ಥದ ಸುಳಿವಿಗೆ ಈ ಯಾವ ತೊಡಕೂ ಇಲ್ಲ: ‘ದೀಪಸ್ತಂಭದ ಊರು, ರಕ್ಷಣೆ (2)’ ಎಂದರೆ ಕಾಪು.

ವಿಭಕ್ತಿ ಪ್ರತ್ಯಯದ್ದು ಇನ್ನೊಂದು ಕಾಟ. ನೇರ ಅರ್ಥ ಹೇಳುವ ಪದಕ್ಕೆ ‘ಅಲ್ಲಿ’, ‘ಅನ್ನು’ ಅಂಟಿಕೊಂಡರೆ ಉತ್ತರದ ಜೊತೆ ಅದು ಹೊಂದುವುದಿಲ್ಲ. ಹಾಗಾಗಿ ಆ ಪದವನ್ನು ಪ್ರಥಮಾ ವಿಭಕ್ತಿಯಲ್ಲಿಟ್ಟು ಸುಳಿವಿನ ಒಂದು ತುದಿಗೆ ತರುವುದೇ ಮೇಲು.

ನನಗೆ ಇವೆಲ್ಲಕ್ಕಿಂತ ದೊಡ್ಡ ಕೊರತೆಯಾಗಿ ಕಾಣುವುದು ವಿವರಣೆ. ಬೆಡಗಿನ ವಚನಕ್ಕೆ ಟೀಕು ಬರೆದರು, ಮುಂಡಿಗೆಗೆ ಅರ್ಥ ಬಿಡಿಸಿದರು. ಪದಬಂಧಕ್ಕೆ ಬಂದಾಗ ಮರುದಿನವೋ ಮರುವಾರವೋ ಬರಿಯ ಉತ್ತರ ಅಚ್ಚಾಗುತ್ತದೆ. ಅದು ಹೇಗೆ ಬಂತು ಎಂಬುದು ಬರುವುದಿಲ್ಲ. ಸೋತ ಓದುಗ ಕಲಿಯುವುದಾದರೂ ಎಲ್ಲಿ? ‘ಉದಯವಾಣಿ’, ‘ತರಂಗ’ಗಳು ಹೊರಡುವ ಮಣಿಪಾಲದ ಹೆಸರಿನಲ್ಲೇ ಒಂದು ಮಾದರಿ ಕೊಡುತ್ತೇನೆ. ಸುಳಿವು: ‘ಕಾಯುವವನ ಮುಂದೆ ತಲೆಬಾಗು, ಅದೇ ವಿದ್ಯಾನಗರಿ (4).’ ಬಿಡಿಸುವ ಬಗೆ: ಕಾಯುವವನು ಪಾಲ, ತಲೆಬಾಗು ಎಂದರೆ ಮಣಿ, ‘ಮುಂದೆ’ ಎಂದದ್ದರಿಂದ ಮಣಿ ಮೊದಲು, ಪಾಲ ಆಮೇಲೆ. ವಿದ್ಯಾನಗರಿ ನೇರ ಅರ್ಥ. ಇಷ್ಟು ವಿವರಣೆಗೆ ಪತ್ರಿಕೆಯಲ್ಲಿ ಎರಡು ಸಾಲು ಜಾಗ ಸಾಕು.