ರೆಪ್ಪೆಯ ಮೇಲಣ ಹಳದಿ ಕಲೆಗಳು

ಪ್ಯಾರಿಸ್ಸಿನ ವೈದ್ಯ ಪಿಯರ್ ರೇಯೆಯವರು 1835ರ ತಮ್ಮ ಚರ್ಮರೋಗ ಗ್ರಂಥದಲ್ಲಿ ಕಣ್ಣುರೆಪ್ಪೆಯ ಹಳದಿ ಕಲೆಗಳನ್ನು ಚಿತ್ರಸಹಿತವಾಗಿ ನಿರೂಪಿಸಿದರು. 1851ರಲ್ಲಿ ಲಂಡನ್ನಿನ ವೈದ್ಯರಾದ ಆಡಿಸನ್ ಮತ್ತು ಗಲ್ ಅವರು ಅವನ್ನು ಮತ್ತಷ್ಟು ವಿಸ್ತಾರವಾಗಿ ವರ್ಣಿಸಿದರು. ಈ ಕಲೆಗಳನ್ನು ಉಂಟುಮಾಡುವ, ಕೊಲೆಸ್ಟರಾಲನ್ನು ನುಂಗಿ ನೊರೆಯಂತೆ ಉಬ್ಬಿದ ಜೀವಕೋಶಗಳು ಚರ್ಮದ ಒಳಪದರದಲ್ಲಿ ನೆಲಸಿರುವುದರಿಂದ, ಹೊರಗೆ ಲೇಪಿಸಿದ ಸೌಮ್ಯವಾದ ಮುಲಾಮು ಅಲ್ಲಿಗೆ ಮುಟ್ಟುವುದು ದುಸ್ಸಾಧ್ಯ. ಮುಟ್ಟುವಷ್ಟು ತೀಕ್ಷ್ಣವಾದುದಾದರೋ, ಅತಿ ತೆಳುವಾದ ಆ ತೊಗಲನ್ನೂ ಅದರಡಿಯ ಕಣ್ಣನ್ನೂ ಸುಡಬಲ್ಲುದು. ಕಲೆಗಳನ್ನು ತೆಗೆಯಲು ಬಳಸುವ ಟ್ರೈಕ್ಲೋರೋಅಸಿಟಿಕ್ ಆಮ್ಲದ ಲೇಪನವನ್ನು ವೈದ್ಯರ ಕೈಗೇ ಬಿಟ್ಟಿರುವುದು ಈ ಕಾರಣದಿಂದಲೇ. ಹೊಸ ಲೇಪವೊಂದನ್ನು ಪ್ರಾಮಾಣಿಕವಾಗಿ ಪರೀಕ್ಷಿಸಬೇಕಾದರೆ, ಒಂದು ರೆಪ್ಪೆಗೆ ಹಚ್ಚಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಮಾಸಿದ ಕಲೆ ಮರಳಿ ಮೂಡುವುದೋ ಎಂದು ತಿಂಗಳುಗಟ್ಟಲೆ ಕಾಯಬೇಕು. ಕೋಪನ್‌ಹೇಗನ್ನಿನ ದೀರ್ಘ ಅಧ್ಯಯನವು 2011ರಲ್ಲಿ, ಇಂಥ ಕಲೆಗಳುಳ್ಳವರಿಗೆ ಹೃದಯಾಘಾತದ ಸಂಭವ ಅಧಿಕವೆಂದು ತಿಳಿಸಿತು. ಆದ್ದರಿಂದ ಕಲೆ ಕಂಡವರು ಮುಲಾಮನ್ನು ಅರಸುವ ಮುನ್ನ ಕೊಲೆಸ್ಟರಾಲಿನ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ.