ಕಂಡದ್ದನ್ನು ಹೇಳದ ಕಸುಬು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಕಬ್ಬಿನ ಗಾಡಿಯಿಂದ ಬಿದ್ದವರು, ಬೈಕಿನಿಂದ ಜಾರಿದವರು, ತಿಂಗಳಿಂದ ಕೆಮ್ಮು ಬಿಡದವರು ಮೊದಲು ಬಂದು ಕೂಡುವುದು ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನ ಮೇಲೆ. ಒಳಗಿನಿಂದ ಒಂದೇ ರಾಗದ ಮಾತು ದಿನವಿಡೀ ಕೇಳುತ್ತಿರುತ್ತದೆ: ‘ಉಸರ ಜಗ್ಗರಿ, ಹಿಡೀರಿ, ಅಲ್ಲಾಡಬ್ಯಾಡ್ರಿ. ಹಾಂ, ಈಗ ಬಿಡ್ರಿ.’ ಅಂಗಿ ತೊಟ್ಟುಕೊಳ್ಳುತ್ತ ರೋಗಿ ಕೇಳುವ ಪ್ರಶ್ನೆಯೂ ಒಂದೇ: ‘ಏನ ಕಂಡಿತ್ರೀ? ಎಲುಬು ಮುರದೈತೇನ್ರಿ?’ ಉತ್ತರವೂ ಒಂದೇ: ‘ಸಾಹೇಬ್ರು ನೋಡಿ ಹೇಳ್ತಾರ್ರೀ ಕಾಕಾ.’

ಪಕ್ಕದ ಕೋಣೆ ಸ್ಕ್ಯಾನಿಂಗಿನದು. ಅದರ ಗೋಡೆಯ ಮೇಲೆ, ಭ್ರೂಣದ ಲಿಂಗ ತಿಳಿಸುವುದು ಕಾನೂನುಬಾಹಿರ ಎಂಬ ಫಲಕ ಇರಲೇಬೇಕು. ಎಕ್ಸ್‌ರೇ ಯಂತ್ರವನ್ನು ತಂತ್ರಜ್ಞನೊಬ್ಬನೇ ನಡೆಸುತ್ತಾನೆ. ಆದರೆ ಗರ್ಭಿಣಿಯ ಸ್ಕ್ಯಾನ್ ಮಾಡುವ ಅಧಿಕಾರ ಆತನಿಗಿಲ್ಲ. ಅಲ್ಲಿ ಅರ್ಹ ವೈದ್ಯರೇ ಕೈಯಲ್ಲಿ ಪ್ರೋಬ್ ಹಿಡಿಯಬೇಕು. ಅಮೆರಿಕ, ಬ್ರಿಟನ್ನುಗಳಲ್ಲಿ ಸೋನೋಗ್ರಾಫರ್ ಎಂಬ ತಂತ್ರಜ್ಞರೇ ಮಾಡುವ ಕೆಲಸಕ್ಕೆ ಭಾರತದಲ್ಲಿ ಏಕೆ ಈ ಕಟ್ಟು? ದೇಹಕ್ಕೆ ಅಪಾಯವಿರುವ ಕಿರಣವನ್ನು ಒಬ್ಬನ ಕೈಗೆ ಕೊಟ್ಟು, ಅಪಾಯವಿಲ್ಲದ ಶಬ್ದವನ್ನು ಕೊಡದಿರಲು ಕಾರಣವೇನು? ಈ ಪ್ರಶ್ನೆಗೆ ಉತ್ತರ ಇತಿಹಾಸದಲ್ಲಿದೆ.

ನೆರಳು ಹಿಡಿದವರು

1895ರ ನವೆಂಬರ್ 8ರಂದು ಜರ್ಮನಿಯ ವ್ಯೂರ್ಟ್ಸ್‌ಬರ್ಗಿನಲ್ಲಿ ಭೌತಶಾಸ್ತ್ರಜ್ಞ ವಿಲ್ಹೆಲ್ಮ್ ರಾಂಟ್‌ಗೆನ್ ಹೊಸದೊಂದು ಕಿರಣವನ್ನು ಕಂಡರು. ಅದು ಏನೆಂದು ತಿಳಿಯದ್ದರಿಂದ ‘ಎಕ್ಸ್’ ಎಂದು ಕರೆದರು. ಕನ್ನಡದಲ್ಲಿ ಅದೇ ‘ಕ್ಷ-ಕಿರಣ’ವಾಯಿತು. ಆ ಡಿಸೆಂಬರಿನಲ್ಲಿ ಹೆಂಡತಿಯ ಕೈಯನ್ನು ಕಿರಣದ ದಾರಿಯಲ್ಲಿ ಇರಿಸಿ ತೆಗೆದ ಚಿತ್ರದಲ್ಲಿ ಎಲುಬುಗಳೂ ಬೆರಳಿನ ಉಂಗುರವೂ ಮೂಡಿದವು. 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ ಪಡೆದ ರಾಂಟ್‌ಗೆನ್ ತಮ್ಮ ಶೋಧಕ್ಕೆ ಪೇಟೆಂಟ್ ಪಡೆಯಲಿಲ್ಲ. ಹೀಗಾಗಿ ಯಂತ್ರ ಜಗತ್ತಿನ ತುಂಬ ಬೇಗ ಹರಡಿತು.

ತತ್ವ ಸರಳವಾದದ್ದು. ಗಾಳಿ ತೆಗೆದ ಕೊಳವೆಯೊಳಗೆ ಸಾವಿರಾರು ವೋಲ್ಟಿನ ಒತ್ತಡದಲ್ಲಿ ಎಲೆಕ್ಟ್ರಾನುಗಳನ್ನು ಓಡಿಸಿ ಲೋಹದ ಗುರಿಗೆ ಅಪ್ಪಳಿಸಿದರೆ ಕಿರಣ ಹುಟ್ಟುತ್ತದೆ. ಅದು ಮಾಂಸವನ್ನು ಸುಲಭವಾಗಿ ದಾಟುತ್ತದೆ. ಸುಣ್ಣದ ಅಂಶ ತುಂಬಿದ ಎಲುಬಿನಲ್ಲಿ ತಡೆಯುತ್ತದೆ. ತಡೆದಲ್ಲಿ ಫಿಲ್ಮ್ ಬಿಳಿ, ದಾಟಿದಲ್ಲಿ ಕಪ್ಪು. ಹಳ್ಳಿಯ ಜನ ಅದನ್ನು ‘ಫೋಟೋ’ ಎನ್ನುವುದು ತಪ್ಪಲ್ಲವಾದರೂ ನಿಜದಲ್ಲಿ ಅದು ನೆರಳು.

ಈ ನೆರಳು ಹಿಡಿದ ಮೊದಲಿಗರಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಿದ್ದರು, ಫೋಟೋ ತೆಗೆಯುವವರಿದ್ದರು, ವಿದ್ಯುತ್ ಕೆಲಸದವರಿದ್ದರು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸರು ಯಂತ್ರ ಹೊಂದಿಸಿಕೊಂಡು, ಡಾ. ನೀಲರತನ ಸರ್ಕಾರ್ ಅವರ ರೋಗಿಗಳಿಗೆ ಎಕ್ಸ್‌ರೇ ತೆಗೆದುಕೊಡುತ್ತಿದ್ದರು. ಯಂತ್ರ ನಡೆಸುವವರು ಒಬ್ಬರು, ಮದ್ದು ಕೊಡುವವರು ಇನ್ನೊಬ್ಬರು ಎಂಬ ವಿಭಜನೆ ಹೀಗೆ ಆರಂಭದಲ್ಲಿಯೇ ಆಗಿತ್ತು.

ಚಿತ್ರ ತೆಗೆದವನೇ ಅದರ ಅರ್ಥ ಹೇಳಬಹುದೇ ಎಂಬ ಜಗಳ ಮುಂದೆ ಎದ್ದಿತು. ಬ್ರಿಟನ್ನಿನಲ್ಲಿ 1920ರಲ್ಲಿ ರೇಡಿಯಾಗ್ರಾಫರುಗಳ ಸಂಘ ಹುಟ್ಟಿತು. ಅದೇ ದಶಕದಲ್ಲಿ ವೈದ್ಯರ ಒತ್ತಾಯದಿಂದ, ರೋಗ ಯಾವುದೆಂದು ಹೇಳುವ ಕೆಲಸ ವೈದ್ಯರದೇ, ತಂತ್ರಜ್ಞ ಚಿತ್ರ ತೆಗೆದುಕೊಟ್ಟರೆ ಸಾಕು ಎಂಬ ಕಟ್ಟಳೆ ನೆಲೆನಿಂತಿತು. ಆ ದೇಶದಲ್ಲಿ ನಂತರ ಅದು ಸಡಿಲವಾಗಿದೆ, ಭಾರತದಲ್ಲಿ ಉಳಿದಿದೆ. ‘ಸಾಹೇಬ್ರು ನೋಡಿ ಹೇಳ್ತಾರ’ ಎಂಬ ಮಾತಿನ ಬೇರು ಇಲ್ಲಿದೆ. ಮುರಿದ ಎಲುಬನ್ನು, ಪುಪ್ಪುಸದ ಮೇಲಿನ ಕಲೆಯನ್ನು ಎಲ್ಲರಿಗಿಂತ ಮೊದಲು ಕಾಣುವವನು ತಂತ್ರಜ್ಞ; ಆದರೆ ಹೇಳುವವನಲ್ಲ.

ಕೈ ಕಳೆದುಕೊಂಡವರು

ಮೊದಲ ತಲೆಮಾರಿನವರು ತೆತ್ತ ಬೆಲೆ ದೊಡ್ಡದು. ಕಿರಣ ಕಣ್ಣಿಗೆ ಕಾಣದು, ತಾಗಿದಾಗ ನೋಯಿಸದು. ಯಂತ್ರ ಸರಿಯಿದೆಯೋ ಎಂದು ಪರೀಕ್ಷಿಸಲು ತಮ್ಮ ಕೈಯನ್ನೇ ದಿನಕ್ಕೆ ಹಲವು ಸಲ ಅಡ್ಡ ಹಿಡಿಯುತ್ತಿದ್ದರು. ಥಾಮಸ್ ಎಡಿಸನ್ನರ ಸಹಾಯಕ ಕ್ಲಾರೆನ್ಸ್ ಡಾಲಿ ಹುಣ್ಣುಗಳಿಂದ ಬಳಲಿ, ಕೈಗಳನ್ನು ಕಳೆದುಕೊಂಡು, 1904ರಲ್ಲಿ ತೀರಿಕೊಂಡ. ಎಡಿಸನ್ ಎಕ್ಸ್‌ರೇ ಸಂಶೋಧನೆಯನ್ನೇ ಕೈಬಿಟ್ಟರು. 1936ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಆಸ್ಪತ್ರೆಯೊಂದರ ಆವರಣದಲ್ಲಿ, ವಿಕಿರಣಕ್ಕೆ ಬಲಿಯಾದವರ ಸ್ಮಾರಕ ನಿಂತಿತು. ಮೊದಲಿಗೆ ಅದರ ಮೇಲೆ ಕೆತ್ತಿದ ಹೆಸರುಗಳು 169. ಅವರಲ್ಲಿ ವೈದ್ಯರಿದ್ದರು, ವಿಜ್ಞಾನಿಗಳಿದ್ದರು, ತಂತ್ರಜ್ಞರೂ ಇದ್ದರು.

ಇಂದಿನ ಎಕ್ಸ್‌ರೇ ಕೋಣೆಯ ನಿಯಮಗಳು ಆ ಸಾವುಗಳಿಂದ ಕಲಿತ ಪಾಠ. ಸೀಸದ ಏಪ್ರನ್, ಸೀಸ ಹೊದಿಸಿದ ಬಾಗಿಲು, ಬಟನ್ ಒತ್ತುವಾಗ ನಿಲ್ಲಲು ಅಡ್ಡಗೋಡೆ. ದೂರವೇ ದೊಡ್ಡ ರಕ್ಷಣೆ: ಎರಡು ಪಟ್ಟು ದೂರ ಸರಿದರೆ ತಾಗುವ ಕಿರಣ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ತಂತ್ರಜ್ಞನ ಎದೆಯ ಮೇಲಿನ ಟಿ.ಎಲ್.ಡಿ. ಬ್ಯಾಡ್ಜು ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುತ್ತದೆ. ಎಷ್ಟು ವಿಕಿರಣ ತಾಗಿತೆಂಬ ಲೆಕ್ಕ ಅದರಲ್ಲಿ ಸಿಗುತ್ತದೆ. 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ವಿಧಿಸಿರುವ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ಯಾವ ಒಂದು ವರ್ಷದಲ್ಲಿಯೂ 30 ಮೀರುವಂತಿಲ್ಲ.

ಅಂದರೆ ಎಕ್ಸ್‌ರೇಯ ಕೇಡು ಯಂತ್ರದ ಬಳಿ ನಿಂತವರ ಮೈಮೇಲೆ ಬಂತು. ಅದನ್ನು ಸೀಸದಿಂದ, ದೂರದಿಂದ, ಲೆಕ್ಕದಿಂದ ತಡೆಯಲು ಸಾಧ್ಯವಾಯಿತು.

ಮಿರಜಿನ ದಾರಿ

1956ರ ಏಕೀಕರಣದವರೆಗೆ ಬೆಳಗಾವಿ ಜಿಲ್ಲೆ ಮುಂಬೈ ಆಡಳಿತದಲ್ಲಿತ್ತು. ರಾಮದುರ್ಗ ಸಂಸ್ಥಾನ ಭಾರತದಲ್ಲಿ ವಿಲೀನವಾದದ್ದು 1948ರಲ್ಲಿ. ಈ ಭಾಗದ ಜನ ದೊಡ್ಡ ರೋಗವೆಂದರೆ ಹಿಡಿಯುತ್ತಿದ್ದ ದಾರಿಗಳಲ್ಲಿ ಮುಖ್ಯವಾದದ್ದು ಮಿರಜಿನದು. ಅಲ್ಲಿ ಡಾ. ವಿಲಿಯಂ ವಾನ್ಲೆಸ್ ಕಟ್ಟಿದ ಮಿಷನ್ ಆಸ್ಪತ್ರೆ 1894ರಲ್ಲಿ ಆರಂಭವಾಗಿತ್ತು. 1957ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು, 1963ರಲ್ಲಿ ಬೆಳಗಾವಿಯಲ್ಲಿ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು ಬಂದ ಮೇಲೆ ದಾರಿ ಹತ್ತಿರವಾಯಿತು.

ತಂತ್ರಜ್ಞನಿಗೆ ಸರ್ಕಾರಿ ವ್ಯವಸ್ಥೆಯಲ್ಲಿ ಗಟ್ಟಿ ಸ್ಥಾನ ಕೊಟ್ಟದ್ದರಲ್ಲಿ ಕ್ಷಯರೋಗದ ಪಾತ್ರ ದೊಡ್ಡದು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. 1962ರಿಂದ ನಡೆದ ಜಿಲ್ಲಾ ಕ್ಷಯರೋಗ ಕಾರ್ಯಕ್ರಮದಲ್ಲಿ ಪ್ರತಿ ಜಿಲ್ಲಾ ಕೇಂದ್ರದ ತಂಡಕ್ಕೂ ಒಬ್ಬ ಎಕ್ಸ್‌ರೇ ತಂತ್ರಜ್ಞನಿರಬೇಕೆಂದು ಗೊತ್ತು ಮಾಡಿ, ಬೆಂಗಳೂರಿನಲ್ಲಿ ತರಬೇತಿ ಕೊಟ್ಟರು. ಕತ್ತಲೆ ಕೋಣೆಯ ಕೆಂಪು ದೀಪದಡಿ ಫಿಲ್ಮನ್ನು ಡೆವಲಪರಿನಲ್ಲಿ ಅದ್ದಿ, ತೊಳೆದು, ಫಿಕ್ಸರಿಗೆ ಹಾಕಿ, ನೀರಿಳಿಯಲು ತೂಗುಹಾಕುವುದು ಆ ಕಾಲದ ದಿನಚರಿ. ಡಿಜಿಟಲ್ ಯಂತ್ರ ಬಂದಲ್ಲಿ ಕತ್ತಲೆ ಕೋಣೆ ಮುಚ್ಚಿದೆ; ಚಿತ್ರ ಕ್ಷಣದಲ್ಲಿ ಪರದೆಗೆ ಬರುತ್ತದೆ. ಆದರೆ ರೋಗಿಯನ್ನು ನೋಯಿಸದೆ ಮಲಗಿಸಿ, ಮುರಿದ ಕೈಯನ್ನು ಸರಿಯಾದ ಕೋನದಲ್ಲಿ ಇರಿಸಿ, ಮರಳಿ ತೆಗೆಯುವ ಪ್ರಸಂಗ ಬಾರದಂತೆ ಒಂದೇ ಸಲಕ್ಕೆ ತೆಗೆಯುವ ಜಾಣ್ಮೆ ಈಗಲೂ ಕೈಯದೇ.

ಹಡಗುಕಟ್ಟೆಯಿಂದ ಗರ್ಭಕ್ಕೆ

ಅಲ್ಟ್ರಾಸೌಂಡಿನ ಹುಟ್ಟು ಬೇರೆ. ಮನುಷ್ಯನ ಕಿವಿ ಸೆಕೆಂಡಿಗೆ 20,000 ಕಂಪನಗಳವರೆಗಿನ ಶಬ್ದವನ್ನಷ್ಟೇ ಕೇಳಬಲ್ಲದು. ಸ್ಕ್ಯಾನಿಂಗ್ ಯಂತ್ರದ ಶಬ್ದ ಸೆಕೆಂಡಿಗೆ ಲಕ್ಷಾಂತರ ಕಂಪನಗಳದ್ದು. ಬಾವಿಯಲ್ಲಿ ಕೂಗಿದರೆ ದನಿ ಮರಳುವಂತೆ, ದೇಹದೊಳಗೆ ಕಳಿಸಿದ ಶಬ್ದ ಅಂಗಗಳಿಗೆ ತಾಗಿ ಮರಳುತ್ತದೆ. ಮರಳಿದ ಹೊತ್ತನ್ನು ಲೆಕ್ಕ ಹಾಕಿ ಯಂತ್ರ ಚಿತ್ರ ಬರೆಯುತ್ತದೆ. ನಡುವೆ ಗಾಳಿ ಇದ್ದರೆ ಶಬ್ದ ಒಳಗೆ ಹೋಗದು. ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚುವುದು ಇದಕ್ಕಾಗಿಯೇ.

ಸ್ಕಾಟ್ಲೆಂಡಿನ ಗ್ಲಾಸ್ಗೊ ಹಡಗು ಕಟ್ಟುವ ಊರು. ಲೋಹದ ಬೆಸುಗೆಯಲ್ಲಿ ಬಿರುಕು ಹುಡುಕಲು ಅಲ್ಲಿ ಬಳಸುತ್ತಿದ್ದ ಯಂತ್ರವನ್ನು ಹೆರಿಗೆ ತಜ್ಞ ಇಯಾನ್ ಡೊನಾಲ್ಡ್ ದೇಹದ ಗಡ್ಡೆಗಳ ಮೇಲೆ ಪ್ರಯೋಗಿಸಿದರು. ಎಂಜಿನಿಯರ್ ಟಾಮ್ ಬ್ರೌನ್, ವೈದ್ಯ ಜಾನ್ ಮ್ಯಾಕ್‌ವಿಕರ್ ಜೊತೆಗೂಡಿದರು. ವಾಸಿಯಾಗದ ಕ್ಯಾನ್ಸರ್ ಎಂದು ಕೈಬಿಟ್ಟಿದ್ದ ಹೆಂಗಸೊಬ್ಬಳಿಗೆ ಇದ್ದದ್ದು ನೀರುಗಡ್ಡೆ ಎಂದು ಈ ಶಬ್ದ ತೋರಿಸಿಕೊಟ್ಟಿತು, ಆಕೆ ಬದುಕಿದಳು. 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನ ಈ ವಿದ್ಯೆಗೆ ಅಡಿಪಾಯ ಹಾಕಿತು. ಕೂಸಿನ ಬೆಳವಣಿಗೆ, ಅವಳಿಗಳು, ಮಾಸು ಕೂತ ಜಾಗ ಎಲ್ಲವೂ ಹೆರಿಗೆಗೆ ಮುಂಚೆಯೇ ತಿಳಿಯತೊಡಗಿದವು. ಅಸಂಖ್ಯ ತಾಯಂದಿರ ಜೀವ ಇದರಿಂದ ಉಳಿದಿದೆ. ಡೊನಾಲ್ಡ್ ಅವರು ಗರ್ಭಪಾತದ ಕಟು ವಿರೋಧಿಯಾಗಿದ್ದರು. ಅವರ ಯಂತ್ರವೇ ಇನ್ನೊಂದು ದೇಶದಲ್ಲಿ ಹೆಣ್ಣು ಭ್ರೂಣಗಳ ಗರ್ಭಪಾತಕ್ಕೆ ದಾರಿ ತೋರಿತು.

ಮಾತು, ಸನ್ನೆ, ಸಿಹಿ

ಭಾರತದಲ್ಲಿ ಯಂತ್ರ ಊರೂರಿಗೆ ಬಂದಂತೆ ‘ಗಂಡೋ ಹೆಣ್ಣೋ’ ಎಂಬ ಪ್ರಶ್ನೆಗೆ ಬೆಲೆ ಕಟ್ಟುವವರೂ ಹುಟ್ಟಿಕೊಂಡರು. 1988ರಲ್ಲಿ ಮಹಾರಾಷ್ಟ್ರ ಮೊದಲ ಕಾಯಿದೆ ತಂದಿತು. 1994ರಲ್ಲಿ ಸಂಸತ್ತು ಕೇಂದ್ರ ಕಾಯಿದೆ ಮಾಡಿತು. ಅದು 1996ರ ಜನವರಿ 1ರಿಂದ ಜಾರಿಗೆ ಬಂತು. ಪಾಲನೆ ಸಡಿಲವಾಗಿದ್ದರಿಂದ ಸಂಘಟನೆಗಳು 2000ದಲ್ಲಿ ಸುಪ್ರೀಂ ಕೋರ್ಟಿನ ಮೊರೆಹೋದವು. 2003ರ ತಿದ್ದುಪಡಿ ಅದನ್ನು ಬಿಗಿಗೊಳಿಸಿತು. ‘ಮಾತಿನಿಂದ, ಸನ್ನೆಯಿಂದ ಅಥವಾ ಬೇರೆ ಯಾವುದೇ ರೀತಿಯಿಂದ’ ಲಿಂಗ ತಿಳಿಸಕೂಡದು ಎಂಬುದು ಕಾಯಿದೆಯ ಒಕ್ಕಣೆ. ‘ಪೇಢಾ ತರ್ರಿ’ ಎಂದರೆ ಗಂಡು, ‘ಬರ್ಫಿ’ ಎಂದರೆ ಹೆಣ್ಣು ಎಂಬಂಥ ಗುಟ್ಟಿನ ಮಾತುಗಳು ಬಳಕೆಯಲ್ಲಿದ್ದ ದೇಶದಲ್ಲಿ ಈ ಒಕ್ಕಣೆ ಬೇಕೇ ಆಗಿತ್ತು. ಪ್ರತಿ ಯಂತ್ರಕ್ಕೂ ನೋಂದಣಿ, ಪ್ರತಿ ಗರ್ಭಿಣಿಗೂ ‘ಎಫ್’ ನಮೂನೆಯ ದಾಖಲೆ ಕಡ್ಡಾಯವಾಯಿತು. ಮೊದಲ ತಪ್ಪಿಗೆ ಮೂರು ವರ್ಷದವರೆಗೆ ಸೆರೆವಾಸ. ಈ ಶಿಕ್ಷೆ ವೈದ್ಯರಿಗಷ್ಟೇ ಅಲ್ಲ, ಕೇಂದ್ರದಲ್ಲಿ ತಾಂತ್ರಿಕ ಸೇವೆ ಸಲ್ಲಿಸುವ ನೌಕರರಿಗೂ ಅನ್ವಯಿಸುತ್ತದೆ.

ಕಾಯಿದೆ ಏಕೆ ಬೇಕಾಯಿತೆಂಬುದನ್ನು ಜನಗಣತಿ ಹೇಳುತ್ತದೆ. ಪ್ರಕೃತಿಯ ಲೆಕ್ಕದಲ್ಲಿ ಸಾವಿರ ಗಂಡು ಹುಟ್ಟಿದರೆ ಸುಮಾರು 950 ಹೆಣ್ಣು ಹುಟ್ಟುತ್ತವೆ. 2001ರಲ್ಲಿ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ ಕರ್ನಾಟಕದಲ್ಲಿ 946 ಹೆಣ್ಣುಮಕ್ಕಳಿದ್ದರೆ, ಬೆಳಗಾವಿ ಜಿಲ್ಲೆಯಲ್ಲಿ ಇದ್ದದ್ದು 921. 2011ರಲ್ಲಿ ಅದು 934ಕ್ಕೆ ಏರಿತು. ಆದರೂ ರಾಜ್ಯದ 948ಕ್ಕಿಂತ ಕೆಳಗೆ. 1824ರಲ್ಲಿ ಇಂಗ್ಲಿಷರನ್ನು ಎದುರಿಸಿದ ಕಿತ್ತೂರು ಚೆನ್ನಮ್ಮನ ಸಮಾಧಿ ಇರುವುದು ಬೈಲಹೊಂಗಲದಲ್ಲಿ. ಶಿವಾಜಿಯ ಸೈನ್ಯಕ್ಕೆ ಎದುರು ನಿಂತ ಬೆಳವಡಿ ಮಲ್ಲಮ್ಮನ ಊರು ಅದಕ್ಕೆ ಹತ್ತಿರ. ‘ಉಧೋ ಉಧೋ’ ಎನ್ನುತ್ತ ಲಕ್ಷಗಟ್ಟಲೆ ಜನ ಹತ್ತುವ ಎಲ್ಲಮ್ಮನ ಗುಡ್ಡ ಸವದತ್ತಿಯದು. ಇಂಥ ಸೀಮೆ ಇರುವ ಜಿಲ್ಲೆಯ ಅಂಕಿಗಳಿವು.

ಕಾಯಿದೆ ಬಂದ ಮಾತ್ರಕ್ಕೆ ಕೇಡು ನಿಲ್ಲಲಿಲ್ಲ. 2017ರ ಮಾರ್ಚಿನಲ್ಲಿ ಗರ್ಭಪಾತಕ್ಕೆ ಒಳಗಾದ ಹೆಣ್ಣುಮಗಳೊಬ್ಬಳು ಸತ್ತ ಬೆನ್ನಿಗೆ, ಬೆಳಗಾವಿ ಜಿಲ್ಲೆಯ ಗಡಿಗೆ ಹತ್ತಿರದ ಮ್ಹೈಸಾಳ ಗ್ರಾಮದಲ್ಲಿ ಹೂತಿದ್ದ 19 ಭ್ರೂಣಗಳ ಅವಶೇಷಗಳು ಸಿಕ್ಕವು. ಆ ಊರು ಇರುವುದು ಮಿರಜ ತಾಲ್ಲೂಕಿನಲ್ಲಿ. ಒಂದು ಕಾಲಕ್ಕೆ ಜೀವ ಉಳಿಸಿಕೊಳ್ಳಲು ಜನ ಹಿಡಿದಿದ್ದ ದಾರಿಯಲ್ಲೇ. 2022ರ ಜೂನಿನಲ್ಲಿ ಬೆಳಗಾವಿ ಜಿಲ್ಲೆಯ ಮೂಡಲಗಿಯಲ್ಲಿ ಚರಂಡಿಯಲ್ಲಿ ಏಳು ಭ್ರೂಣಗಳು ಸಿಕ್ಕವು. 2023ರಲ್ಲಿ ಮಂಡ್ಯದ ಕಡೆ ಆಲೆಮನೆಯೊಂದರಲ್ಲಿ ಸ್ಕ್ಯಾನ್ ನಡೆಯುತ್ತಿದ್ದ ಜಾಲ ಬಯಲಾಯಿತು. ಹೊತ್ತು ತಿರುಗುವಷ್ಟು ಚಿಕ್ಕ ಯಂತ್ರಗಳು ಬಂದದ್ದು ಇಂಥ ಕಳ್ಳದಂಧೆಗೆ ಅನುಕೂಲವಾಯಿತು. ಅವುಗಳ ಬಳಕೆಗೆ 2012ರಲ್ಲಿಯೇ ನಿಯಮಗಳು ಮಿತಿ ಹಾಕಿದ್ದವು.

ಎರಡು ಮೌನ

ಎರಡು ಕೋಣೆಗಳಿಗೆ ಎರಡು ನಿಯಮ ಏಕೆಂಬುದು ಈಗ ಸ್ಪಷ್ಟ. ಎಕ್ಸ್‌ರೇಯ ಅಪಾಯ ಕಿರಣದಲ್ಲಿದೆ. ಅದನ್ನು ಗೋಡೆ ತಡೆಯುತ್ತದೆ. ಅಲ್ಟ್ರಾಸೌಂಡಿನ ಅಪಾಯ ಶಬ್ದದಲ್ಲಿಲ್ಲ, ಅದು ತೋರಿಸುವ ಸುದ್ದಿಯಲ್ಲಿದೆ. ಆ ಸುದ್ದಿಯನ್ನು ಯಾವ ಸೀಸದ ಗೋಡೆಯೂ ತಡೆಯದು. ಅದಕ್ಕೇ ಯಂತ್ರ ಯಾರ ಕೈಯಲ್ಲಿದೆ, ಯಾರು ಉತ್ತರವಾದಿ ಎಂಬುದನ್ನು ಕಾನೂನು ಹೆಸರು ಹಿಡಿದು ಗೊತ್ತು ಮಾಡಿತು.

ಇದರಿಂದ ತಂತ್ರಜ್ಞನಿಗೆ ಅನ್ಯಾಯವಾಗಿದೆಯೇ? ರೇಡಿಯಾಲಜಿಸ್ಟರು ಸಾಕಷ್ಟಿಲ್ಲದ ಕಡೆ ತರಬೇತಾದ ತಂತ್ರಜ್ಞರು ಸ್ಕ್ಯಾನ್ ಮಾಡಿದರೆ ಗರ್ಭಿಣಿಯರು ಧಾರವಾಡ, ಬೆಳಗಾವಿಗಳವರೆಗೆ ಬಸ್ಸು ಹತ್ತುವುದು ತಪ್ಪೀತು ಎಂಬ ವಾದದಲ್ಲಿ ಹುರುಳಿದೆ. ಆದರೆ ವೈದ್ಯರ ಮೇಲಷ್ಟೇ ಹೊಣೆ ಹೊರಿಸಿದಾಗಲೂ ಕೇಡು ನಿಂತಿಲ್ಲವೆಂಬುದು ಅಷ್ಟೇ ನಿಜ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಸಹಾಯಕ ಆರೋಗ್ಯ ವೃತ್ತಿಗಳ ಆಯೋಗದ ಕಾಯಿದೆ ಈ ಕಸುಬಿನವರನ್ನು ಹೆಸರಿಸಿ, ಅವರ ಶಿಕ್ಷಣ ಹಾಗೂ ನೋಂದಣಿಗೆ ಚೌಕಟ್ಟು ಹಾಕಿದೆ. ಹೊಣೆ ಹೊರಬಲ್ಲವರೆಂಬ ಮನ್ನಣೆಗೆ ಇದು ಮೊದಲ ಹೆಜ್ಜೆ.

ಮೊದಲ ಕೋಣೆಯ ಮೌನ ಶಿಸ್ತಿನದು. ವೈದ್ಯರು ನೋಡಿದ ಮೇಲೆ ಅದು ಮುಗಿಯುತ್ತದೆ. ಎರಡನೆಯ ಕೋಣೆಯ ಮೌನ ಹೆರಿಗೆಯವರೆಗೂ ಮುರಿಯಬಾರದ್ದು. ಜೆಲ್ ಒರೆಸಿಕೊಂಡು ಏಳುವ ಸೊಸೆಯ ಹಿಂದೆ ನಿಂತ ಅತ್ತೆ ಕೇಳುತ್ತಾಳೆ: ‘ಏನೈತ್ರೀ ಬಾಯಾರ?’ ವೈದ್ಯೆಯ ಬಾಯಿಂದ ಬರಬೇಕಾದ ಉತ್ತರ ಒಂದೇ: ‘ಕೂಸು ಚಲೋ ಐತಿ ನೋಡಬೇ ಯಮ್ಮಾ.’ ಆ ಉತ್ತರಕ್ಕೆ ಸಮಾಧಾನಪಟ್ಟು ಅತ್ತೆ ಎದ್ದು ಹೋಗುವ ದಿನ ಗೋಡೆಯ ಮೇಲಿನ ಫಲಕಕ್ಕೆ ಕೆಲಸವಿರುವುದಿಲ್ಲ.