ಮುಂಬಯಿಯ ಬೀದಿನಾಯಿ: ಎಂಟಾಣೆಯಿಂದ ಈಚೆಗೆ

ನಾಯಿಗಳ ಕಾರಣಕ್ಕೆ ಮುಂಬಯಿಯಲ್ಲಿ ಒಮ್ಮೆ ದಂಗೆಯೇ ಆಗಿತ್ತು ಎಂದರೆ ಇಂದು ನಂಬುವುದು ಕಷ್ಟ. 1832ರ ಜೂನ್ 6, ಪಾರಸಿಗಳಿಗೆ ಪವಿತ್ರವಾದ ದಿನ. ಕೋಟೆ ಪ್ರದೇಶದಲ್ಲಿ ನಾಯಿ ಹಿಡಿಯಲು ಬಂದ ಪೊಲೀಸರ ಮೇಲೆ ಅಂದು ಜನ ಎರಗಿದರು. ಮರುದಿನ ಅಂಗಡಿಗಳು ತೆರೆಯಲಿಲ್ಲ. ಪಾರಸಿಗಳ ಜೊತೆ ಜೈನರೂ ವೈಷ್ಣವ ವ್ಯಾಪಾರಿಗಳೂ ಮುಸಲ್ಮಾನರಲ್ಲಿ ಕೆಲವರೂ ಸೇರಿಕೊಂಡರು. ಕೊಲಾಬಾದ ಸೈನ್ಯದ ಠಾಣ್ಯಕ್ಕೆ ಹೋಗಬೇಕಾಗಿದ್ದ ಆಹಾರ, ನೀರು ನಿಂತಿತು. ಕೊನೆಗೆ ದಂಗೆ ಕಾಯಿದೆಯನ್ನು ಓದಿ ಹೇಳಿ, ಸೈನಿಕರನ್ನು ಬೀದಿಗಿಳಿಸಿ ಸರ್ಕಾರ ಪರಿಸ್ಥಿತಿಯನ್ನು ಹತೋಟಿಗೆ ತಂದಿತು.

ಇದರ ಹಿಂದೆ ಒಂದು ಆಡಳಿತದ ಲೆಕ್ಕವಿತ್ತು. ಹುಚ್ಚುನಾಯಿಗಳ ಭಯದಿಂದ ಸರ್ಕಾರ 1813ರಲ್ಲೇ ಒಂದು ನಿಯಮ ಮಾಡಿ, ವರ್ಷದ ಕೆಲವು ನಿರ್ದಿಷ್ಟ ವಾರಗಳಲ್ಲಿ ಬೀದಿಯ ನಾಯಿಗಳನ್ನು ಕೊಲ್ಲಲು ಅನುಮತಿ ಕೊಟ್ಟಿತ್ತು. 1832ರಲ್ಲಿ ಬೇಸಗೆಯ ಅವಧಿಯನ್ನು ಜೂನ್ ನಡುವಿನ ತನಕ ಹಿಗ್ಗಿಸಲಾಯಿತು. ಕೊಂದ ನಾಯಿಯೊಂದಕ್ಕೆ ಎಂಟಾಣೆ ಇನಾಮು. ಆ ಕಾಲದ ಎಂಟಾಣೆ ಸಣ್ಣ ಮೊತ್ತವಲ್ಲ. ಹಿಡಿಯುವವರು ಹುಚ್ಚು ಹಿಡಿದ ನಾಯಿಯನ್ನು ಹುಡುಕುವ ಗೋಜಿಗೆ ಹೋಗದೆ, ಕೈಗೆ ಸುಲಭವಾಗಿ ಸಿಗುವ ಸಾಧು ನಾಯಿಗಳನ್ನು, ಮನೆಯಂಗಳದ ಸಾಕುನಾಯಿಗಳನ್ನೂ ಎಳೆದೊಯ್ಯತೊಡಗಿದರು. ಈ ಪ್ರಕರಣವನ್ನು ಅಭ್ಯಾಸ ಮಾಡಿ 2001ರಲ್ಲಿ ಲೇಖನ ಬರೆದ ಇತಿಹಾಸಕಾರ ಜೆಸ್ಸಿ ಪಲ್ಸೇಟಿಯಾ ಅವರು ಇದನ್ನು ಪಾರಸಿ ಸಮಾಜ ಮತ್ತು ವಸಾಹತು ಸರ್ಕಾರದ ಸಂಬಂಧದ ಕಥೆಯಾಗಿ ಓದುತ್ತಾರೆ. ಸರ್ಕಾರಿ ಕಡತಗಳ ನಡುವೆ ಬದುಕುವ ನಮಗೆ ಅದರಲ್ಲಿ ಮೊದಲು ಕಾಣುವುದು ಆ ಎಂಟಾಣೆ. ಹೆಣಕ್ಕೆ ಹಣ ಕೊಟ್ಟರೆ ಹೆಣಗಳು ಬರುತ್ತವೆ. ಬೀದಿಯಲ್ಲಿ ನಾಯಿ ಕಡಿಮೆಯಾಯಿತೇ, ರೋಗ ಇಳಿಯಿತೇ ಎಂಬುದನ್ನು ಆ ಲೆಕ್ಕದ ಪುಸ್ತಕ ಕೇಳುವುದೇ ಇಲ್ಲ.

ಪಾರಸಿಗಳಿಗೆ ನಾಯಿ ಬರಿಯ ಪ್ರಾಣಿಯಲ್ಲ. ಸತ್ತವರ ದೇಹವನ್ನು ನಾಯಿಯ ನೋಟಕ್ಕೆ ತರುವ ಸಗ್‌ದೀದ್ ಎಂಬ ವಿಧಿ ಅವರ ಅಂತ್ಯಸಂಸ್ಕಾರದ ಭಾಗ. ಕನ್ನಡಿಗರಿಗೂ ಇದು ತೀರ ಅಪರಿಚಿತ ಭಾವವಲ್ಲ. ಮಂಡ್ಯ ಸೀಮೆಯ ಆತಕೂರಿನ ಹತ್ತನೆಯ ಶತಮಾನದ ಶಾಸನವನ್ನು ನೆನೆಯಿರಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ರಾಷ್ಟ್ರಕೂಟ ಕೃಷ್ಣನು ಬೇಕಾದುದನ್ನು ಕೇಳೆಂದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯೊಡನೆ ಸೆಣಸಿ, ಎರಡೂ ಸತ್ತಾಗ ಅದಕ್ಕೊಂದು ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಮೈಲಾರಲಿಂಗನ ಗೊರವರು ನಾಯಿಯಂತೆ ಬೊಗಳಿ ದೋಣಿಯಲ್ಲಿ ಉಣ್ಣುವುದನ್ನು ಉತ್ತರ ಕರ್ನಾಟಕದವರು ಬಲ್ಲರು. ಅದೇ ದೇವರು ಜೇಜುರಿಯಲ್ಲಿ ಖಂಡೋಬಾ ಆದಾಗಲೂ ನಾಯಿ ಜೊತೆಯಲ್ಲೇ ಇದೆ. ಆದರೆ ಈ ಬರಹದ ವಾದವನ್ನು ನಾವು ದಯೆಯ ಮೇಲೆ ಕಟ್ಟುತ್ತಿಲ್ಲ. ನಾಯಿಯನ್ನು ಕಂಡರಾಗದವರಿಗೂ ಒಪ್ಪಿಗೆಯಾಗಬೇಕಾದ ಲೆಕ್ಕವೊಂದು ಇದರಲ್ಲಿದೆ.

ದಂಗೆ ತಣ್ಣಗಾದ ಮೇಲೆ ಜಮ್ಶೆಟ್‌ಜೀ ಜೀಜೀಭಾಯಿ ಮುಂತಾದ ಗಣ್ಯರು ಸರ್ಕಾರಕ್ಕೆ ಅರ್ಜಿ ಕೊಟ್ಟರು. ನಾಯಿಗಳನ್ನು ಕೊಲ್ಲುವ ಬದಲು ಊರ ಹೊರಗೆ ಸಾಗಿಸುವ ಏರ್ಪಾಟಾಯಿತು. 1834ರಲ್ಲಿ ಜಮ್ಶೆಟ್‌ಜೀ ಮತ್ತು ಜೈನ ವರ್ತಕ ಮೋತಿಚಂದ್ ಅಮೀಚಂದ್ ಸೇರಿ ಭುಲೇಶ್ವರದಲ್ಲಿ ಪಾಂಜರಾಪೋಳವನ್ನು ಸ್ಥಾಪಿಸಿದರು. ಅದು ಇಂದಿಗೂ ಇದೆ. ಈಗ ಅಲ್ಲಿ ಹೆಚ್ಚಾಗಿ ಕಾಣುವುದು ಹಸುಗಳು. ಕೊಲ್ಲುವುದು ಬೇಡವಾದರೆ ಕೂಡಿಹಾಕುವುದು ಎಂಬ ಯೋಚನೆಗೆ ಹೀಗೆ ಸುಮಾರು ಇನ್ನೂರು ವರ್ಷದ ವಯಸ್ಸು. 2025ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯದ ದ್ವಿಸದಸ್ಯ ಪೀಠ ದೆಹಲಿಯ ಎಲ್ಲ ಬೀದಿನಾಯಿಗಳನ್ನು ಆಶ್ರಯತಾಣಗಳಿಗೆ ಸೇರಿಸಿ ಎಂದಾಗ, ಈ ಹಳೆಯ ಯೋಚನೆಯೇ ಹೊಸ ಅಂಗಿ ತೊಟ್ಟು ಬಂದಿತ್ತು. ಹನ್ನೊಂದು ದಿನಗಳಲ್ಲಿ ತ್ರಿಸದಸ್ಯ ಪೀಠ ಅದನ್ನು ಮಾರ್ಪಡಿಸಿ, ಸಂತಾನಹರಣ ಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಿ, ರೇಬೀಸ್ ತಗುಲಿದವನ್ನೂ ಆಕ್ರಮಣಶೀಲವಾದವನ್ನೂ ಮಾತ್ರ ಬಿಡಬೇಡಿ ಎಂದಿತು. ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಂಥ ಸ್ಥಳಗಳ ನಾಯಿಗಳನ್ನು ಅಲ್ಲಿಗೇ ಮರಳಿಸಬಾರದು ಎಂದು ಸೇರಿಸಿತು. ಆಸ್ಪತ್ರೆಯ ಪಡಸಾಲೆಯ ಮಟ್ಟಿಗೆ ಅದು ಸರಿಯೆಂದೇ ನಮಗೂ ಅನಿಸುತ್ತದೆ. ಆದರೆ ತೊಂಬತ್ತು ಸಾವಿರ ನಾಯಿಗಳನ್ನು ಜೀವನಪರ್ಯಂತ ಸಾಕುವಷ್ಟು ನೆಲ ಮುಂಬಯಿಯಲ್ಲಿ ಎಲ್ಲಿದೆ? ಮನುಷ್ಯರಿಗೇ ಇನ್ನೂರು ಚದರ ಅಡಿಗೆ ಪರದಾಡುವ ಊರಿದು.

ಮತ್ತೆ ಹಿಂದಕ್ಕೆ ಹೋಗೋಣ. ಅರ್ಜಿ, ಪಾಂಜರಾಪೋಳಗಳಿಂದ ಕೊಲ್ಲುವುದು ಬಹುಕಾಲ ನಿಲ್ಲಲಿಲ್ಲ. ನಗರಾಡಳಿತ ಬೆಳೆದಂತೆ ಅದೊಂದು ಇಲಾಖೆಯ ದಿನಚರಿಯಾಯಿತು. ಸ್ವಾತಂತ್ರ್ಯ ಬಂದ ಮೇಲೂ ದಶಕಗಳ ಕಾಲ ಮಹಾನಗರಪಾಲಿಕೆ ವಿದ್ಯುತ್ ಹಾಯಿಸಿ ನಾಯಿಗಳನ್ನು ಕೊಲ್ಲುತ್ತಿತ್ತು. ಮದರಾಸಿನಲ್ಲೂ ಇದೇ ಕಥೆ. ಅಲ್ಲಿ 1964ರಲ್ಲಿ ಹುಟ್ಟಿದ ಬ್ಲೂ ಕ್ರಾಸ್ ಸಂಸ್ಥೆಯ ಚಿನ್ನಿ ಕೃಷ್ಣ ಅವರು ಕಾರ್ಪೊರೇಷನ್ನಿನ ಹಳೆಯ ಅಂಕಿಗಳನ್ನು ಕೆದಕಿ ಸರಳವಾದ ಪ್ರಶ್ನೆಯೊಂದನ್ನು ಕೇಳಿದರು: ನೂರು ವರ್ಷ ಕೊಂದ ಮೇಲೆ ಕೊಲ್ಲಬೇಕಾದ ನಾಯಿಗಳ ಸಂಖ್ಯೆ ಇಳಿಯಬೇಕಿತ್ತಲ್ಲ, ಏರಿದ್ದೇಕೆ? 1996ರ ಹೊತ್ತಿಗೆ ಚೆನ್ನೈಯಲ್ಲಿ ದಿನಕ್ಕೆ 135 ನಾಯಿಗಳನ್ನು ಕೊಲ್ಲಲಾಗುತ್ತಿತ್ತು. ಆ ವರ್ಷವೇ ಆ ನಗರ ಕೊಲ್ಲುವುದನ್ನು ಬಿಟ್ಟಿತು. ಮುಂಬಯಿ ಅದಕ್ಕೂ ಎರಡು ವರ್ಷ ಮೊದಲು, 1994ರಲ್ಲಿ, ಕೊಲ್ಲುವ ಕ್ರಮ ವಿಫಲವೆಂದು ಒಪ್ಪಿಕೊಂಡು ಸಂತಾನಹರಣದ ದಾರಿ ಹಿಡಿದಿತ್ತು. ಮಹಾಲಕ್ಷ್ಮಿಯಲ್ಲಿ ವೆಲ್‌ಫೇರ್ ಆಫ್ ಸ್ಟ್ರೇ ಡಾಗ್ಸ್ ಸಂಸ್ಥೆಯೂ ನಗರದ ಇತರೆಡೆಗಳಲ್ಲಿ ಇನ್ನು ಕೆಲವು ಸಂಸ್ಥೆಗಳೂ ಪಾಲಿಕೆಯೊಡನೆ ಈ ಕೆಲಸಕ್ಕೆ ಇಳಿದವು. ಕೇಂದ್ರದ ನಿಯಮಗಳು ಬಂದದ್ದು 2001ರ ಡಿಸೆಂಬರಿನಲ್ಲಿ. ಅವನ್ನು ಪರಿಷ್ಕರಿಸಿದ್ದು 2023ರಲ್ಲಿ. ನಡುವೆ, 2008ರಲ್ಲಿ, ಉಪದ್ರವ ಕೊಡುವ ನಾಯಿಗಳನ್ನು ಕೊಲ್ಲಬಹುದೆಂದು ಮುಂಬಯಿ ಉಚ್ಚ ನ್ಯಾಯಾಲಯದ ಪೂರ್ಣಪೀಠ ಬಹುಮತದಿಂದ ತೀರ್ಪಿತ್ತು, ಮುಂದಿನ ತಿಂಗಳೇ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತು.

ಕೊಂದರೂ ಏಕೆ ಕಡಿಮೆಯಾಗಲಿಲ್ಲ? ಒಂದು ಓಣಿಯಲ್ಲಿ ಎಷ್ಟು ನಾಯಿ ಬದುಕಬಹುದೆಂಬುದನ್ನು ಬಹುಮಟ್ಟಿಗೆ ಅಲ್ಲಿನ ಅನ್ನ ನಿರ್ಧರಿಸುತ್ತದೆ. ಬಂಗಾಳದಲ್ಲಿ ನಡೆದ ಅಧ್ಯಯನವೊಂದರ ಪ್ರಕಾರ ಬೀದಿಯಲ್ಲಿ ಹುಟ್ಟಿದ ಮರಿಗಳಲ್ಲಿ ಐದಕ್ಕೊಂದು ಮಾತ್ರ ಪ್ರಾಯಕ್ಕೆ ಬರುತ್ತದೆ. ದೊಡ್ಡ ನಾಯಿಗಳನ್ನು ಎತ್ತಿಕೊಂಡು ಹೋದರೆ ಅವುಗಳ ಪಾಲಿನ ಅನ್ನ ಉಳಿದವಕ್ಕೆ ಸಿಗುತ್ತದೆ. ಸಾಯಬೇಕಾಗಿದ್ದ ಮರಿಗಳು ಉಳಿಯುತ್ತವೆ. ಪಕ್ಕದ ಓಣಿಯ ನಾಯಿಗಳು ಖಾಲಿಯಾದ ಜಾಗಕ್ಕೆ ಕಾದಾಡುತ್ತ ಬರುತ್ತವೆ. ಬಸುರಿ ನಾಯಿ ಈಯುವುದಕ್ಕೆ ಬೇಕಾದದ್ದು ಎರಡು ತಿಂಗಳು. ಪಾಲಿಕೆಯ ಗಾಡಿ ಮರಳಿ ಬರುವಷ್ಟರಲ್ಲಿ ಓಣಿ ತುಂಬಿರುತ್ತದೆ. ಚಿಕಿತ್ಸೆಯಾದ ನಾಯಿ ಹಾಗಲ್ಲ: ಅದು ತನ್ನ ಜಾಗವನ್ನು ಕಾಯುತ್ತದೆ, ಅನ್ನ ತಿನ್ನುತ್ತದೆ, ಮರಿ ಹಾಕುವುದಿಲ್ಲ. ಬೆದೆಯ ಕಾಲದ ಗುಂಪುಜಗಳ ಇಳಿಯುತ್ತದೆ. ಮರಿಗಳನ್ನು ಕಾಯುವ ತಾಯಿನಾಯಿಯಷ್ಟು ಕಚ್ಚುವ ನಾಯಿ ಬೇರೆ ಇಲ್ಲ ಎಂಬುದನ್ನು ಹಾಲು ಹಾಕುವ ಹುಡುಗರನ್ನು ಕೇಳಿ ತಿಳಿಯಬಹುದು.

ಜೈಪುರದ ಉದಾಹರಣೆ ಇಲ್ಲಿ ಮುಖ್ಯ. ಹೆಲ್ಪ್ ಇನ್ ಸಫರಿಂಗ್ ಸಂಸ್ಥೆ 1994ರಿಂದ ಅಲ್ಲಿ ಕೆಲಸ ಮಾಡಿ, ಶೇಕಡಾ 65ರಷ್ಟು ಹೆಣ್ಣುನಾಯಿಗಳಿಗೆ ಚಿಕಿತ್ಸೆಯನ್ನೂ ಲಸಿಕೆಯನ್ನೂ ತಲಪಿಸಿತು. ಎಂಟು ವರ್ಷಗಳಲ್ಲಿ ನಾಯಿಗಳು ಶೇಕಡಾ 28ರಷ್ಟು ಕಡಿಮೆಯಾದವು. ಕಾರ್ಯಕ್ರಮ ನಡೆದ ಪ್ರದೇಶದಲ್ಲಿ ಮನುಷ್ಯರ ರೇಬೀಸ್ ಪ್ರಕರಣ ಸೊನ್ನೆಗೆ ಇಳಿಯಿತು. ಮುಂಬಯಿಯ ಅಂಕಿಗಳು ಇಷ್ಟು ಹೊಳೆಯುವುದಿಲ್ಲ. 2014ರ ಗಣತಿಯಲ್ಲಿ ಇಲ್ಲಿದ್ದ ಬೀದಿನಾಯಿಗಳು ಸುಮಾರು 95,000. ಹತ್ತು ವರ್ಷದ ನಂತರದ ಅಂದಾಜು ಸುಮಾರು 91,000. ಇದೇನು ಮಹಾ ಸಾಧನೆ ಎಂದು ಕೇಳುವವರಿದ್ದಾರೆ. ಊರು, ಕಸ, ತಿಂಡಿಗಾಡಿಗಳು ಎಲ್ಲವೂ ಹಿಗ್ಗಿದ ದಶಕದಲ್ಲಿ ನಾಯಿ ಹಿಗ್ಗಲಿಲ್ಲ ಎಂಬುದನ್ನು ನಾವು ಸಣ್ಣದೆನ್ನಲಾರೆವು. ಬೆಂಗಳೂರಿನಲ್ಲೂ 2019ರಲ್ಲಿ 3.10 ಲಕ್ಷವಿದ್ದ ಅಂದಾಜು 2023ರಲ್ಲಿ 2.79 ಲಕ್ಷಕ್ಕೆ ಬಂತು. ಅದೇ ಬೆಂಗಳೂರು 2007ರಲ್ಲಿ ಎರಡು ಮಕ್ಕಳನ್ನು ನಾಯಿಗಳಿಗೆ ಕಳೆದುಕೊಂಡು, ಸಿಟ್ಟಿನಲ್ಲಿ ಸಿಕ್ಕಸಿಕ್ಕ ನಾಯಿಗಳನ್ನು ಕೊಂದಿತ್ತು. ಆ ಸಿಟ್ಟು ಅರ್ಥವಾಗದ್ದಲ್ಲ. ಮಗುವನ್ನು ಕಳೆದುಕೊಂಡ ಮನೆಯ ಮುಂದೆ ನಿಂತು ಶೇಕಡಾವಾರು ಹೇಳುವ ಎದೆ ಯಾರಿಗೂ ಇರಬಾರದು. ಆದರೂ ಆ ಕೊಲೆಗಳು ಮುಂದಿನ ಮಗುವನ್ನು ಕಾಯಲಿಲ್ಲ.

ಈಗಿನ ವ್ಯವಸ್ಥೆ ನಿರ್ದೋಷಿಯೆಂದು ನಾವು ಹೇಳುತ್ತಿಲ್ಲ. ಪ್ರಾಣಿ ಕಲ್ಯಾಣ ಮಂಡಳಿಯ ಹಳೆಯ ಯೋಜನೆಯಲ್ಲಿ ಒಂದು ನಾಯಿಗೆ 445 ರೂಪಾಯಿ ಎಂದು ದರ ಕಟ್ಟಿದ್ದರು. ಲೆಕ್ಕ ತಪ್ಪದಿರಲೆಂದು, ತೆಗೆದ ಅಂಗಗಳನ್ನು ಫಾರ್ಮಲಿನ್‌ನಲ್ಲಿಟ್ಟು ಎಣಿಸುವ ಪದ್ಧತಿಯೂ ಬಂತು. ವಂಚನೆ ತಡೆಯಲು ಅದು ಬೇಕೇ ಬೇಕು. ಆದರೆ ಎಂಟಾಣೆಯ ತರ್ಕ ಇಲ್ಲಿಯೂ ಇಣುಕುತ್ತದೆ. ತಲೆಗಿಷ್ಟು ಎಂದು ಹಣ ಕೊಟ್ಟಾಗ ಗುತ್ತಿಗೆದಾರ ಸುಲಭವಾಗಿ ಸಿಗುವ ನಾಯಿಗಳನ್ನು ಹತ್ತು ವಾರ್ಡುಗಳಿಂದ ಹತ್ತತ್ತು ಹಿಡಿಯುತ್ತಾನೆ. ಅಂಜುವ, ಮೋರಿಯಲ್ಲಿ ಅಡಗುವ ಹೆಣ್ಣುನಾಯಿ ಪ್ರತಿ ಓಣಿಯಲ್ಲೂ ಒಂದೊಂದು ಉಳಿಯುತ್ತದೆ. ನೂರು ನಾಯಿಯ ಬಿಲ್ಲು ಪಾಸಾಗುತ್ತದೆ, ಹತ್ತು ಓಣಿಯಲ್ಲೂ ಮರಿಗಳಾಗುತ್ತವೆ. ಅದೇ ನೂರನ್ನು ಒಂದೇ ನೆರೆಯಲ್ಲಿ, ಒಂದೇ ಋತುವಿನಲ್ಲಿ ಮುಗಿಸಿದ್ದರೆ ಆ ನೆರೆ ಕೆಲವು ವರ್ಷ ನೆಮ್ಮದಿಯಿಂದಿರುತ್ತಿತ್ತು. ಲಸಿಕೆಗೂ ಸುಮಾರು ಇದೇ ಲೆಕ್ಕ: ಶೇಕಡಾ 70ರಷ್ಟು ನಾಯಿಗಳಿಗೆ ತಲಪಿದರೆ ರೇಬೀಸಿನ ಸರಪಳಿ ಕಡಿಯುತ್ತದೆ. ರೋಗದ ಮಟ್ಟಿಗೆ ಲಸಿಕೆಯೇ ಹೆಚ್ಚು ವೇಗದ ಅಸ್ತ್ರವೆಂದು ನೆರೆಯ ಗೋವಾ ತೋರಿಸಿದೆ. ಸಾಮೂಹಿಕ ಲಸಿಕೆಯಿಂದಲೇ ಅದು 2021ರಲ್ಲಿ ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಿಕೊಂಡಿತು. ಆದರೆ ಲಸಿಕೆ ಹಾಕಿದ ನಾಯಿಗಳ ನಡುವೆ ವರ್ಷವರ್ಷ ಹೊಸ ಮರಿಗಳು ಬಂದರೆ ಆ ಶೇಕಡಾ 70 ಕರಗುತ್ತಲೇ ಇರುತ್ತದೆ.

ಅಗ್ಗದ ಚಿಕಿತ್ಸೆ ಬೇಕೆನ್ನುವುದು ಈ ಕಾರಣಕ್ಕೆ. ಸಾಕುನಾಯಿಗೆ ಖಾಸಗಿ ದವಾಖಾನೆಯಲ್ಲಿ ತೆರುವ ಹಣದಲ್ಲಿ ಬೀದಿಯ ಹಲವು ನಾಯಿಗಳ ಕೆಲಸವಾಗುತ್ತದೆ. ಚಾಳಿನಲ್ಲಿ ಒಂದು ನಾಯಿಗೆ ರೊಟ್ಟಿ ಹಾಕಿ ತನ್ನದೆನ್ನುವ, ಅದರ ಮರಿಗಳನ್ನು ಮಾರುಕಟ್ಟೆಯ ಬಳಿ ಬಿಟ್ಟುಬರುವ ಮನೆಯವರನ್ನು ಬೈದು ಫಲವಿಲ್ಲ. ಅವರ ಕೈಗೆಟುಕುವ ದರ, ನಡೆದು ಹೋಗುವಷ್ಟು ಹತ್ತಿರದ ಕೇಂದ್ರ ಬೇಕು. ಬೆಕ್ಕುಗಳ ವಿಷಯದಲ್ಲಂತೂ ಮುಂಬಯಿ ಈಚಿನ ವರ್ಷಗಳಲ್ಲಷ್ಟೇ ಕಣ್ಣು ತೆರೆದಿದೆ. ಖರ್ಚೆಂದು ಹಿಂಜರಿಯುವವರು ಇನ್ನೊಂದು ಬದಿಯ ಖರ್ಚನ್ನೂ ಕೂಡಿಸಲಿ. ನಾವು ಚಿಕ್ಕವರಿದ್ದಾಗ ನಾಯಿ ಕಚ್ಚಿದರೆ ಹೊಟ್ಟೆಯ ಸುತ್ತ ಹದಿನಾಲ್ಕು ಸೂಜಿ. ಕುರಿಯ ಮೆದುಳಿನಿಂದ ಮಾಡುತ್ತಿದ್ದ ಆ ಲಸಿಕೆಯನ್ನು ಭಾರತ ಕೈಬಿಟ್ಟದ್ದು 2004ರ ಕೊನೆಗೆ. ಈಗ ತೋಳಿಗೆ, ತಿಂಗಳೊಳಗೆ ನಾಲ್ಕು ಸಲ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ದಿನಗೂಲಿಯವನು ನಾಲ್ಕು ದಿನದ ಕೂಲಿ ಬಿಟ್ಟು ಸರದಿಯಲ್ಲಿ ನಿಲ್ಲುವುದು ಮಾತ್ರ ಉಚಿತವಲ್ಲ. ನಾಲ್ಕನೆಯದಕ್ಕೆ ಹೋಗದೆ ಉಳಿಯುವವರು ಇಂಥವರೇ. ದೇಶದಲ್ಲಿ ಇಂದಿಗೂ ವರ್ಷಕ್ಕೆ 5,700ಕ್ಕೂ ಹೆಚ್ಚು ಮಂದಿ ರೇಬೀಸಿನಿಂದ ಸಾಯುತ್ತಾರೆಂಬುದು ಈಚಿನ ಅಂದಾಜು, ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಮದ್ದಿಲ್ಲ.

ಉಪನಗರಗಳಲ್ಲಿ ಇನ್ನೊಬ್ಬ ಪಾಲುದಾರನೂ ಇದ್ದಾನೆ. ಬೊರಿವಲಿ, ಮುಲುಂಡ್, ಥಾಣೆಯ ನಮ್ಮ ಜನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲೇ ಮನೆ ಮಾಡಿದ್ದಾರೆ. ಅಲ್ಲಿನ ಸುಮಾರು 35 ಚಿರತೆಗಳು ವರ್ಷಕ್ಕೆ 1,500ರಷ್ಟು ನಾಯಿಗಳನ್ನು ತಿನ್ನುತ್ತವೆಂದು 2018ರ ಅಧ್ಯಯನವೊಂದು ಅಂದಾಜಿಸಿ, ಅದರಿಂದ ಪಾಲಿಕೆಗೆ ಉಳಿಯುವ ಚಿಕಿತ್ಸೆಯ ಹಣವನ್ನೂ ಲೆಕ್ಕ ಹಾಕಿತ್ತು. ಚಿರತೆಗೆ ತಲೆಗಿಷ್ಟು ಕೊಡಬೇಕಾಗಿಲ್ಲವೆಂಬುದು ಲೆಕ್ಕಾಧಿಕಾರಿಗಳಿಗೆ ಸಂತೋಷದ ವಿಷಯ. ಆದರೆ ನಾಯಿಗಳ ಬೆನ್ನಟ್ಟಿ ಅದು ಕಟ್ಟಡಗಳ ಅಂಗಳಕ್ಕೂ ಬರುತ್ತದೆ.

ಅನ್ನದ ಮಾತು ಬಂದಾಗ ನಮ್ಮವರ ಹೋಟೆಲುಗಳನ್ನು ಬಿಡಲಾಗದು. ಮಾಟುಂಗಾದಿಂದ ಡೊಂಬಿವಲಿಯ ತನಕ ಇಡ್ಲಿ ಸಾಂಬಾರಿನಿಂದ ಈ ನಗರವನ್ನು ಸಾಕಿದ ಉಡುಪಿ ಹೋಟೆಲುಗಳ ಹಿತ್ತಿಲು ತಲೆಮಾರುಗಳಿಂದ ನಾಯಿಗಳನ್ನೂ ಸಾಕಿದೆ. ರಾತ್ರಿ ಬಾಗಿಲು ಮುಚ್ಚುವಾಗ ಹಿತ್ತಿಲಲ್ಲಿ ಯಾವ ನಾಯಿ ಎಲ್ಲಿ ಮಲಗುತ್ತದೆ, ಯಾವುದು ಈ ಸಲ ಗಬ್ಬವಾಗಿದೆ ಎಂಬುದು ಪಾಲಿಕೆಯ ಯಾವ ನೋಂದಣಿಗಿಂತ ಚೆನ್ನಾಗಿ ಅಲ್ಲಿನ ಪಾತ್ರೆ ತೊಳೆಯುವ ಹುಡುಗರಿಗೆ ಗೊತ್ತು. ಕನ್ನಡ ಸಂಘಗಳು ರಕ್ತದಾನ ಶಿಬಿರ, ನೇತ್ರ ಶಿಬಿರ ನಡೆಸುವಂತೆ ಒಂದು ಬಡಾವಣೆಯನ್ನು ಹಿಡಿದು, ಪಾಲಿಕೆಯ ಪಶುವೈದ್ಯಕೀಯ ವಿಭಾಗದೊಡನೆ ಮಾತಾಡಿ, ಆ ಹುಡುಗರನ್ನೇ ಜೊತೆಗಿಟ್ಟುಕೊಂಡು, ಅಲ್ಲಿನ ಕೊನೆಯ ಹೆಣ್ಣುನಾಯಿಯ ತನಕ ಚಿಕಿತ್ಸೆ ಮಾಡಿಸಲು ಅಡ್ಡಿಯೇನು?

ನಾವಿರುವ ವಸತಿ ಸಮುಚ್ಚಯದ ಸಭೆಯಲ್ಲಿ ಈ ಮಾತು ಎತ್ತಿದಾಗ ಅನ್ನ ಹಾಕುವವರೂ ಕೋಲು ಹಿಡಿಯುವವರೂ ಒಂದು ತಾಸು ಜಗಳವಾಡಿದರು. ಎರಡೂ ಪಕ್ಷ ಒಪ್ಪಿದ್ದು ಒಂದೇ ಕೆಲಸಕ್ಕೆ: ಕಿವಿ ನೋಡುವುದು. ಚಿಕಿತ್ಸೆಯಾದ ನಾಯಿಯ ಕಿವಿಯ ತುದಿಯಲ್ಲಿ ಸಣ್ಣ ಕಚ್ಚು ಇರುತ್ತದೆ. ಒಂದು ಭಾನುವಾರ ಬೆಳಿಗ್ಗೆ ಸುತ್ತಿ ನೋಡಿದೆವು. ಐದು ಹೆಣ್ಣುನಾಯಿಗಳಲ್ಲಿ ಎರಡಕ್ಕೆ ಕಚ್ಚಿಲ್ಲ. ಒಂದು ಪಂಪ್‌ಹೌಸಿನ ಹಿಂದೆ, ಇನ್ನೊಂದು ಸೈಕಲ್ ಷೆಡ್ಡಿನಲ್ಲಿ. ಅರ್ಜಿಯಲ್ಲಿ ಎರಡರ ಬಣ್ಣ, ಮಲಗುವ ಜಾಗ, ಅನ್ನ ತಿನ್ನಲು ಬರುವ ಹೊತ್ತು ಬರೆದು ವಾರ್ಡ್ ಕಚೇರಿಗೆ ಕೊಟ್ಟಿದ್ದೇವೆ.